ಕೊಟ್ಟೂರಿನ ಕಾದಂಬರಿಗೆ ಕೊಟ್ಟೂರಿನ ಕಿವಿ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ, ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದನೆಂದರೆ ಡೆಂಕನಮರಡಿಯ ತುಂಬ ನೆರೆದ ಜನಸಾಗರ ಉಸಿರು ಬಿಗಿ ಹಿಡಿಯುತ್ತದೆ. ಆಮೇಲೆ ಬರುವುದು ಒಂದೇ ಸಾಲಿನ ಕಾರ್ಣಿಕ. ಅದು ಮಳೆಯ ಮಾತೋ, ರಾಜಕೀಯದ ಮಾತೋ, ಶೇಂಗಾ ಧಾರಣೆಯ ಮಾತೋ ಎಂಬ ತರ್ಕ ಹರಪನಹಳ್ಳಿಯ ಬಸ್‌ ನಿಲ್ದಾಣದಿಂದ ಕೂಡ್ಲಿಗಿಯ ಚಹದಂಗಡಿಯವರೆಗೆ ಮುಂದಿನ ಕಾರ್ಣಿಕ ಬರುವ ತನಕ ನಡೆಯುತ್ತಲೇ ಇರುತ್ತದೆ. ನಾಲ್ಕೈದು ಪದಗಳನ್ನು ವರ್ಷವಿಡೀ ಬಗೆಯುವ ತಾಳ್ಮೆಯುಳ್ಳ ಈ ಸೀಮೆಯಲ್ಲಿ ಹುಟ್ಟಿದ ಕಾದಂಬರಿಯೊಂದಕ್ಕೆ ‘ಓದೋಕಾಗಲ್ಲ’ ಎಂಬ ಹೆಸರು ಅಂಟಿಕೊಂಡಿದೆ.

ಆ ಕಾದಂಬರಿ ಕೊಟ್ಟೂರಿನ ಕುಂ. ವೀರಭದ್ರಪ್ಪನವರ (ಕುಂವೀ) ‘ಅರಮನೆ’. 2007ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರಲ್ಲಿ, ಎಂ.ಎಂ. ಕಲಬುರ್ಗಿಯವರ ಹತ್ಯೆಯ ನಂತರ, ಲೇಖಕರು ಆ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಈ ಎರಡು ಸುದ್ದಿಗಳು ಈ ಸೀಮೆಯಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಪುಸ್ತಕದ ಕೊನೆಯ ಪುಟ ಮುಟ್ಟಿದವರು ಎಷ್ಟು ಮಂದಿ ಎಂದು ಕೇಳಿದರೆ ಮಾತು ತೆಳುವಾಗುತ್ತದೆ. ಪ್ರಶಸ್ತಿ ಬಂದದ್ದೂ ಗೊತ್ತು, ಹೋದದ್ದೂ ಗೊತ್ತು. ಬಂದದ್ದು ಯಾತಕ್ಕೆ ಎಂಬುದೊಂದು ಗೊತ್ತಿಲ್ಲ.

ಈಚೆಗೆ ‘ಅರಮನೆ’, ಅದೇ ಲೇಖಕರ ‘ಶಾಮಣ್ಣ’, ಜೊತೆಗೆ ಹರಪನಹಳ್ಳಿಯ ಬೀಚಿಯವರ ಒಂದೆರಡು ಕಾದಂಬರಿಗಳನ್ನು ಒಂದರ ಬೆನ್ನಿಗೊಂದು ಓದಿ ಮುಗಿಸಿದ ಓದುಗನಿಗೆ ಮೊದಲು ಹೊಳೆಯುವುದು ಇದು: ಇಲ್ಲಿನ ಕಾದಂಬರಿಗಳನ್ನು ಕಣ್ಣಿನಿಂದ ಓದಿದವರು ಸೋಲುತ್ತಾರೆ, ಕಿವಿಯಿಂದ ಓದಿದವರು ಗೆಲ್ಲುತ್ತಾರೆ. ‘ಅರಮನೆ’ಯ ಮಟ್ಟಿಗಂತೂ ಇದು ಅಕ್ಷರಶಃ ಸತ್ಯ.

ಪುಸ್ತಕ ತೆರೆದರೆ ಮೊದಲು ಎದುರಾಗುವುದು ಜನಜಂಗುಳಿ. ನಾಯಕ ಯಾರು, ನಾಯಕಿ ಯಾರು ಎಂದು ಹುಡುಕುವವನಿಗೆ ಅಲ್ಲಿ ಕೆಲಸವಿಲ್ಲ. ಕುದುರೆಡವು ಎಂಬ ಪಾಳೇಪಟ್ಟು, ಅದರ ಮುರುಕು ಅರಮನೆ, ಹೆಸರಿಗೆ ಮಾತ್ರ ಉಳಿದಿರುವ ರಾಜವೈಭವ, ಅದರ ಸುತ್ತ ಹಸಿವು, ಹಾದರ, ಹರಕೆ, ಜಗಳ. ಕತೆ ಹೇಳುತ್ತಿರುವುದು ಒಬ್ಬ ಲೇಖಕನಲ್ಲ, ಕಟ್ಟೆಯ ಮೇಲೆ ಕೂತ ಇಡೀ ಊರು. ಒಬ್ಬ ಶುರು ಮಾಡಿದ್ದನ್ನು ಇನ್ನೊಬ್ಬ ತಿದ್ದಿ, ಮತ್ತೊಬ್ಬ ಅದಕ್ಕೆ ಬೈಗುಳ ಸೇರಿಸಿ, ಅಷ್ಟರಲ್ಲಿ ಯಾರದೋ ಅಜ್ಜಿಯ ಸುದ್ದಿ ನಡುವೆ ಬಂದು, ವಾಕ್ಯ ಪೂರ್ಣವಿರಾಮ ಕಾಣುವುದೇ ಅಪರೂಪ. ಅಕ್ಷರಗಳೂ ನಿಘಂಟಿನ ಶಿಸ್ತಿಗೆ ಒಗ್ಗುವುದಿಲ್ಲ. ಈ ಸೀಮೆಯ ಬಾಯಲ್ಲಿ ಪದ ಹೇಗೆ ಹೊರಳುತ್ತದೋ ಹಾಗೇ ಕಾಗದದ ಮೇಲೆ ಕೂತಿದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮೌನವಾಗಿ ಓದುವವನು ಹತ್ತನೇ ಪುಟಕ್ಕೆ ದಣಿದರೆ ಅವನನ್ನು ದೂರುವಂತಿಲ್ಲ. ಆದರೆ ಅದೇ ಪುಟವನ್ನು ಕೊಟ್ಟೂರಿನ ಒಬ್ಬ ಹೆಣ್ಣುಮಗಳು ತುಸು ದೊಡ್ಡ ದನಿಯಲ್ಲಿ ಓದಲಿ, ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಪವಿರಾಮದ ಕೆಲಸವನ್ನು ಉಸಿರೇ ಮಾಡುತ್ತದೆ.

ಅಂದರೆ ಹೊರಗಿನವರಿಗೆ ಕಗ್ಗಂಟಾದ ಈ ಪುಸ್ತಕದ ಬೀಗದ ಕೈ ಇಲ್ಲಿಯ ಜನರ ನಾಲಗೆಯ ಮೇಲೇ ಇದೆ. ಬೀಗದ ಕೈ ಇರುವವರೇ ಬಾಗಿಲ ಹತ್ತಿರ ಸುಳಿಯುತ್ತಿಲ್ಲ.

ಕಾದಂಬರಿಯೊಳಗೆ ನಡೆದಾಡುವ ಬಿಳಿಯ ದೊರೆ ಥಾಮಸ್‌ ಮನ್ರೋ ಕಟ್ಟುಕತೆಯ ಮನುಷ್ಯನಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಮತ್ತು ಸುತ್ತಲಿನ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಾಗ, ಈ ‘ದತ್ತ ಮಂಡಲ’ಕ್ಕೆ ಮುಖ್ಯ ಕಲೆಕ್ಟರಾಗಿ ಬಂದವನು ಅವನೇ. 1807ರವರೆಗೆ ಇದ್ದ. ಸುಮಾರು 80 ಪಾಳೇಗಾರರ ಹಲ್ಲು ಕಿತ್ತ. ನಡುವಿನ ದೊರೆಗಳನ್ನು ಸರಿಸಿ ರೈತನಿಂದ ನೇರವಾಗಿ ಕಂದಾಯ ವಸೂಲು ಮಾಡುವ ರೈತವಾರಿ ಪದ್ಧತಿಯನ್ನು ಬೇರೂರಿಸಿದ. ಮುಂದೆ ಮದ್ರಾಸಿನ ಗವರ್ನರ್‌ ಆದ. 1827ರಲ್ಲಿ ಇದೇ ಸೀಮೆಗೆ ಪ್ರವಾಸ ಬಂದಾಗ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಸತ್ತ. ರಾಯಲಸೀಮೆಯಲ್ಲಿ ಮಕ್ಕಳಿಗೆ ಅವನ ಹೆಸರಿಟ್ಟವರೂ ಇದ್ದರು. ಮಂತ್ರಾಲಯದಲ್ಲಿ ರಾಯರೇ ಅವನೊಡನೆ ಮಾತಾಡಿದರೆಂಬ ಐತಿಹ್ಯ ಇಂದಿಗೂ ಚಾಲ್ತಿಯಲ್ಲಿದೆ.

ಕುಂವೀ ಈ ಮನುಷ್ಯನನ್ನು ಕಡತಗಳಿಂದ ಕಿತ್ತು ತಂದು ದೇವರು ಮೈಮೇಲೆ ಬರುವವರ ನಡುವೆ ನಿಲ್ಲಿಸುತ್ತಾರೆ. ಒಂದು ಕಡೆ ಲೆಕ್ಕ, ಅಳತೆ, ಅರ್ಜಿ. ಇನ್ನೊಂದು ಕಡೆ ಹರಕೆ, ಮುನಿಸು, ದೇವಿಯ ಅಪ್ಪಣೆ. ಯಾರು ಯಾರನ್ನು ಆಳುತ್ತಿದ್ದಾರೆ ಎಂಬುದೇ ಸ್ಪಷ್ಟವಾಗದ ಈ ಗೊಂದಲದಲ್ಲಿ ಕಾದಂಬರಿಯ ನಿಜವಾದ ಬಲವಿದೆ. ಇತಿಹಾಸದ ಪುಸ್ತಕ ಕಂದಾಯ ಎಷ್ಟು ವಸೂಲಾಯಿತು ಎಂದು ಹೇಳುತ್ತದೆ. ಕಂದಾಯ ಕಟ್ಟಿದವನು ಮನೆಗೆ ಹೋಗಿ ಏನೆಂದು ಬೈದ ಎಂಬುದು ಇಲ್ಲಿ ಸಿಗುತ್ತದೆ.

ವಿಮರ್ಶಕರು ಈ ಬರವಣಿಗೆಯನ್ನು ನೋಡಿದೊಡನೆ ಕೊಲಂಬಿಯಾದ ಮಾರ್ಕ್ವೆಜ್‌ ಹೆಸರು ತೆಗೆಯುತ್ತಾರೆ. ಹೋಲಿಕೆ ಪೂರ್ತಿ ಸುಳ್ಳಲ್ಲ. ಹುಟ್ಟಿದೂರು ಅರಕಟಾಕದ ನೆನಪಿನಿಂದ ಮಾಕೊಂಡೊ ಎಂಬ ಊರು ಕಟ್ಟಿದ ಆತನ ‘ನೂರು ವರ್ಷಗಳ ಏಕಾಂತ’ 1967ರಲ್ಲಿ ಬಂತು. ಅದೇ ವರ್ಷ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೂಡ ಬಂತು. ಒಂದು ಪ್ರದೇಶವನ್ನೇ ನಾಯಕನನ್ನಾಗಿ ಮಾಡುವ ಕಲೆಗೆ ಕನ್ನಡಿಗ ಕೊಲಂಬಿಯಾಕ್ಕೆ ಹೋಗಬೇಕಿರಲಿಲ್ಲ. ಇನ್ನು ಅತಿಮಾನುಷದ ಮಾತು. ಮೈಲಾರದ ಕಾರ್ಣಿಕ, ಉಚ್ಚಂಗಿದುರ್ಗದ ಯಲ್ಲಮ್ಮನ ಹುಣ್ಣಿಮೆ, ಕೊಟ್ಟೂರೇಶ್ವರನ ತೇರು, ರಾತ್ರಿಯಿಡೀ ಕುಣಿಯುವ ದೊಡ್ಡಾಟ ಇವನ್ನೆಲ್ಲ ನೋಡುತ್ತ ಬೆಳೆದವನಿಗೆ ದೇವರು ಬಂದು ಕಟ್ಟೆಯ ಮೇಲೆ ಕೂರುವುದು ತಂತ್ರವಲ್ಲ, ದಿನಚರಿ. ‘ಮಾಂತ್ರಿಕ ವಾಸ್ತವ’ ಎಂಬ ಪಟ್ಟಿ ಅಂಟಿಸಿದ ಕ್ಷಣವೇ ಆ ದಿನಚರಿ ಕಣ್ಮರೆಯಾಗುತ್ತದೆ.

ಹೊಗಳಿಕೆ ಇಷ್ಟಕ್ಕೆ ಸಾಕು. ‘ಅರಮನೆ’ ಅಗತ್ಯಕ್ಕಿಂತ ದೊಡ್ಡದು. ನಡುವಿನ ಭಾಗದಲ್ಲಿ ಅದೇ ಬಗೆಯ ಸಾವು, ಅದೇ ಬಗೆಯ ಮೆರವಣಿಗೆ, ಅದೇ ಬಗೆಯ ಬೈಗುಳ ಮತ್ತೆ ಮತ್ತೆ ಬಂದು ಓದುಗನ ಉತ್ಸಾಹವನ್ನು ಹಿಂಡುತ್ತವೆ. ಮಾತಿನ ಮಳೆ ನಿಲ್ಲಿಸಿ ಒಂದು ಪಾತ್ರದ ಒಳಗೆ ಹತ್ತು ನಿಮಿಷ ಕೂತಿದ್ದರೆ ಚೆನ್ನಿತ್ತು ಅನ್ನಿಸುವ ಜಾಗಗಳು ಹಲವು. ಆ ದೃಷ್ಟಿಯಿಂದ ‘ಶಾಮಣ್ಣ’ ಹೆಚ್ಚು ಹಿಡಿತದ ಕೆಲಸ. ಅಗ್ರಹಾರದ ಶಾಸ್ತ್ರಿಗಳ ಮನೆಯ ಮೊಮ್ಮಗನೊಬ್ಬನ ಬೆನ್ನು ಹತ್ತಿ ಹೋಗುವುದರಿಂದ, ಊರೆಲ್ಲ ಒಟ್ಟಿಗೆ ಮಾತಾಡಿದರೂ ಓದುಗ ದಾರಿ ತಪ್ಪುವುದಿಲ್ಲ. ಕುಂವೀಯನ್ನು ಮೊದಲ ಬಾರಿ ಓದುವವರು ಇಲ್ಲಿಂದಲೇ ಹತ್ತುವುದು ಲೇಸು.

ಒಂದು ಮಾತನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಮದ್ರಾಸ್‌ ಆಡಳಿತದಲ್ಲಿದ್ದ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್‌ 1ರಂದು. ಕೊಟ್ಟೂರಿನಲ್ಲಿ ಹುಟ್ಟಿದ ವೀರಭದ್ರಪ್ಪನವರ ಜನ್ಮದಿನವೆಂದು ದಾಖಲಾಗಿರುವುದೂ ಅದೇ ದಿನ. ಮುಂದೆ ಅವರು ಮೇಷ್ಟರಾಗಿ ದುಡಿದದ್ದು ಗಡಿಯಾಚೆ, ಆಂಧ್ರದ ಹಳ್ಳಿಗಳಲ್ಲಿ. ಆ ಅನುಭವವನ್ನೆಲ್ಲ ‘ಗಾಂಧಿ ಕ್ಲಾಸು’ ಎಂಬ ಆತ್ಮಕತೆಯಲ್ಲಿ ಬರೆದಿದ್ದಾರೆ. ಗೆರೆ ಎಳೆದವರು ಬೇರೆ, ಗೆರೆಯ ಮೇಲೆ ಬದುಕಿದವರು ಬೇರೆ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹಗರಿಬೊಮ್ಮನಹಳ್ಳಿಯ ಆಸುಪಾಸಿನ ಎಷ್ಟೋ ಹಳ್ಳಿಗಳ ಹಳೆಯ ಜಾಗ ಈಗ ತುಂಗಭದ್ರಾ ಜಲಾಶಯದ ನೀರಿನಡಿ ಇದೆ. ಆಳುವ ಕಚೇರಿ ಯಾವಾಗಲೂ ಎಲ್ಲೋ ದೂರದಲ್ಲಿದೆ ಎಂಬ ಭಾವ ಈ ಕಾದಂಬರಿಗಳಲ್ಲಿ ಉಸಿರಿನಂತೆ ಹರಡಿಕೊಂಡಿರುವುದಕ್ಕೆ ಕಾರಣ ಹುಡುಕಬೇಕಿಲ್ಲ.

ಹಾಗಾದರೆ ಕುಂವೀ ಜನರಿಗೆ ತಲುಪಿಲ್ಲವೇ? ತಲುಪಿದ್ದಾರೆ, ತೆರೆಯ ಮೇಲೆ. ‘ಬೇಲಿ ಮತ್ತು ಹೊಲ’ ಕಾದಂಬರಿ 1987ರಲ್ಲಿ ಶಿವರಾಜ್‌ಕುಮಾರ್‌ ಅಭಿನಯದ ‘ಮನ ಮೆಚ್ಚಿದ ಹುಡುಗಿ’ ಆಯಿತು. ‘ಕೊಟ್ರೇಶಿ ಕನಸು’ ಕತೆಯನ್ನು ನಾಗತಿಹಳ್ಳಿ ಚಂದ್ರಶೇಖರ್‌ ಚಿತ್ರ ಮಾಡಿದರು. ಓದುವ ಹಂಬಲದ ದಲಿತ ಹುಡುಗನ ಪಾತ್ರಕ್ಕೆ ವಿಜಯ್‌ ರಾಘವೇಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಿರೀಶ ಕಾಸರವಳ್ಳಿಯವರ ‘ಕೂರ್ಮಾವತಾರ’ಕ್ಕೂ ಮೂಲ ಇವರದೇ ಕತೆ. ಆದರೆ ಸಿನಿಮಾಕ್ಕೆ ಬರುವಾಗ ಕತೆ ಬರುತ್ತದೆ, ಕತೆ ಹೇಳಿದ ಬಾಯಿ ಮನೆಯಲ್ಲೇ ಉಳಿಯುತ್ತದೆ. ಕುಂವೀ ವಿಷಯದಲ್ಲಿ ಬಾಯಿಯೇ ಮುಖ್ಯ.

ಬೀಚಿಯವರ ಪಾಡು ಇದಕ್ಕಿಂತ ವಿಚಿತ್ರ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್‌ ಪೊಲೀಸ್‌ ಇಲಾಖೆಯಲ್ಲಿ ನೌಕರಿ ಮಾಡಿದವರು. ಮೊದಲು ಕನ್ನಡವೆಂದರೆ ಅಷ್ಟಕ್ಕಷ್ಟೇ ಎನ್ನುತ್ತಿದ್ದ ಮನುಷ್ಯ. ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಕೈಗೆ ಸಿಕ್ಕಿ, ಓದಿ, ಕನ್ನಡದ ಲೇಖಕರೇ ಆಗಿಬಿಟ್ಟರು. ಒಂದು ಕಾದಂಬರಿ ಓದಿ ಮುಗಿಸಿದ್ದರಿಂದ ಒಬ್ಬನ ಬಾಳು ಯಾವ ಕಡೆಗೆ ತಿರುಗಬಹುದು ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ‘ದಾಸಕೂಟ’, ‘ಸರಸ್ವತಿ ಸಂಹಾರ’, ‘ಖಾದಿ ಸೀರೆ’, ‘ಸತ್ತವನು ಎದ್ದು ಬಂದಾಗ’ ಎಂದು ಕಾದಂಬರಿಗಳ ಸಾಲನ್ನೇ ಬರೆದರು. ಇಂದು ಉಳಿದಿರುವುದು ಅವರ ಹಾಸ್ಯಪಾತ್ರ ತಿಂಮ. ‘ಸುಧಾ’ ವಾರಪತ್ರಿಕೆಯ ‘ನೀವು ಕೇಳಿದಿರಿ’ ಅಂಕಣದ ಚುರುಕು ಉತ್ತರಗಳು, ಹಾಸ್ಯ ಸಂಜೆಗಳಲ್ಲಿ ಗಂಗಾವತಿ ಪ್ರಾಣೇಶ್‌ ಅಂಥವರ ಬಾಯಲ್ಲಿ ಮತ್ತೆ ಜೀವ ಪಡೆಯುವ ನಗೆಹನಿಗಳು, ಈಗ ವಾಟ್ಸ್‌ಆ್ಯಪ್‌ನಲ್ಲಿ ಹೆಸರಿಲ್ಲದೆ ತಿರುಗುವ ಜೋಕುಗಳು.

ನಗೆ ಬೀಚಿಯನ್ನು ಬದುಕಿಸಿತು, ಕಾದಂಬರಿಕಾರನನ್ನು ನುಂಗಿತು. ಈಗ ಓದಿದರೆ ಆ ಕಾದಂಬರಿಗಳಲ್ಲಿ ಹಳಸಿದ್ದೂ ಇದೆ. ಹೆಂಡತಿಯನ್ನು ಗುರಿ ಮಾಡಿದ ಚಟಾಕಿಗಳಿಗೆ ಇಂದಿನ ಓದುಗರು ನಗುವುದಿಲ್ಲ, ನಗಬೇಕಾಗಿಯೂ ಇಲ್ಲ. ಪಾತ್ರ ಬೆಳೆಯುವ ಹೊತ್ತಿಗೆ ಲೇಖಕನೇ ನಡುವೆ ನುಗ್ಗಿ ಒಂದು ಮಾತು ಎಸೆಯುವ ಚಾಳಿಯೂ ದಣಿಸುತ್ತದೆ. ಆದರೂ ಮಡಿವಂತಿಕೆ, ಲಂಚ, ದೊಡ್ಡವರ ಸಣ್ಣತನ ಇವುಗಳ ಮೇಲಿನ ಸಿಟ್ಟು ಇನ್ನೂ ಬಿಸಿಯಾಗಿದೆ. ಒಳಗಿನ ಕಹಿಯನ್ನು ತಿಳಿಯಬೇಕೆಂದಿದ್ದರೆ ‘ನನ್ನ ಭಯಾಗ್ರಫಿ’ ಓದಬೇಕು. ಅದನ್ನು ಓದಿದ ಮೇಲೆ ತಿಂಮನ ಜೋಕಿಗೆ ಮೊದಲಿನಷ್ಟು ಸಲೀಸಾಗಿ ನಗಲಾಗದು.

ಪುಸ್ತಕ ಸಿಗುವುದಿಲ್ಲ ಎಂಬ ದೂರು ಅರ್ಧ ನಿಜ. ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಗೈಡು, ನೋಟ್‌ಬುಕ್‌, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಇರುವ ಜಾಗ ಕಾದಂಬರಿಗಿಲ್ಲ. ಆದರೆ 1965ರ ಗ್ರಂಥಾಲಯ ಕಾಯ್ದೆಯ ದೆಸೆಯಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಈ ಜನ ಕಟ್ಟುತ್ತಲೇ ಬಂದಿದ್ದಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದೀಚೆಗೆ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು ‘ಅರಿವು ಕೇಂದ್ರ’ಗಳಾಗಿವೆ. ತನ್ನ ತಾಲ್ಲೂಕಿನಲ್ಲಿ ಹುಟ್ಟಿದ ಲೇಖಕನ ಪುಸ್ತಕ ಅಲ್ಲಿ ಇದೆಯೋ ಇಲ್ಲವೋ ಎಂದು ಕೇಳುವ ಹಕ್ಕು ಕರ ಕಟ್ಟಿದವನಿಗೆ ಇದ್ದೇ ಇದೆ. ಕೇಳುವವರು ಬೇಕು.

ಪುಸ್ತಕ ಬಂದ ಮೇಲೆ ಓದುವ ದಾರಿಯೂ ಹೊಸದಾಗಿ ಹುಡುಕುವಂಥದ್ದಲ್ಲ. ಶ್ರಾವಣ ಬಂತೆಂದರೆ ಈ ಕಡೆಯ ಊರುಗಳ ಗುಡಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು, ತಬಲ ಹಾರ್ಮೋನಿಯಂ ಜೊತೆಗೂಡುವುದು, ತಿಂಗಳೊಪ್ಪತ್ತು ಜನ ತಪ್ಪದೆ ಬಂದು ಕೂರುವುದು. ಶರಣಬಸವೇಶ್ವರರ ಪುರಾಣವನ್ನು ಹೀಗೆ ಕೇಳಿ ಮುಗಿಸುವ ಊರಿಗೆ ‘ಅರಮನೆ’ ಉದ್ದವಾಗುವುದಿಲ್ಲ. ಪ್ರವಚನಕಾರರ ಜಾಗದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟರು ಕೂರಲಿ, ಓದಲು ಕಾಲೇಜಿನ ಹುಡುಗ ಹುಡುಗಿಯರು ಸರದಿ ಹಿಡಿಯಲಿ. ಬೈಗುಳ ಬಂದಲ್ಲಿ ಹಿರಿಯರು ತುಸು ಕೆಮ್ಮಿದರೂ ಎದ್ದು ಹೋಗಲಾರರು.

ಕೊಟ್ಟೂರು ಮತ್ತು ಕೂಡ್ಲಿಗಿಯ ಸಾಹಿತ್ಯ ಪರಿಷತ್ತಿನ ಘಟಕಗಳು, ಕಾಲೇಜುಗಳ ಕನ್ನಡ ವಿಭಾಗಗಳು ಸನ್ಮಾನ ಸಮಾರಂಭಗಳಲ್ಲಿ ಒಂದನ್ನು ಕಡಿಮೆ ಮಾಡಿ, ಈ ಶ್ರಾವಣದಲ್ಲಿ ಒಂದು ಊರಿನಲ್ಲಾದರೂ ‘ಶಾಮಣ್ಣ’ನನ್ನೋ ‘ಅರಮನೆ’ಯನ್ನೋ ಹಚ್ಚಲಿ. ಹರಪನಹಳ್ಳಿಯವರು ಬೀಚಿಯವರ ಒಂದು ಕಾದಂಬರಿಯಿಂದ ಶುರು ಮಾಡಲಿ. ಜಾತ್ರೆಯಲ್ಲಿ ಮಂಡಕ್ಕಿ ಮಿರ್ಚಿಯ ಸಾಲಿನಲ್ಲಿ ಪುಸ್ತಕದ ಮಳಿಗೆಗೂ ಹತ್ತು ಅಡಿ ಜಾಗ ಬಿಡುವಂತೆ ಜಾತ್ರಾ ಸಮಿತಿಗಳನ್ನು ಓದುಗರೇ ಕೇಳಲಿ.