ಯಂತ್ರಕ್ಕೊಂದು ಸಂಬಂಧಪದ ಪರೀಕ್ಷೆ

‘ಮೊದಲೆರಡು ಪದಗಳಿಗಿರುವ ಸಂಬಂಧದಂತೆ ಮೂರನೆಯ ಪದಕ್ಕೆ ಹೊಂದುವ ಪದವನ್ನು ಬರೆಯಿರಿ.’ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿರುವ ಮನೆಗಳಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಅಣ್ಣನಿಗೆ ಅತ್ತಿಗೆಯಾದರೆ ಮಾವನಿಗೆ ಅತ್ತೆ ಎಂದು ಮಗು ಥಟ್ಟನೆ ಹೇಳಬಲ್ಲದು. ಇಂತಹ ಪ್ರಶ್ನೆಗಳನ್ನೇ ಗಣಕಯಂತ್ರದ ಮುಂದಿಟ್ಟು ಅದರ ಪದಜ್ಞಾನವನ್ನು ಅಳೆಯುವ ಪದ್ಧತಿಯೊಂದುಂಟು. ಹೆಣ್ಣುಮಕ್ಕಳ ತಂದೆತಾಯಿಗಳು ಗಮನಿಸಬೇಕಾದ ಸಂಗತಿಯೊಂದು ಅದರಲ್ಲಿ ಅಡಗಿರುವುದರಿಂದ, ಈ ತಿಂಗಳು ಅದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಸಂಬಂಧಪದದ ಪ್ರಶ್ನೆಗಳಿದ್ದವು. ಅಂತಹ 374 ಪ್ರಶ್ನೆಗಳನ್ನು ಕೆನಡಾದ ವಿಜ್ಞಾನಿ ಪೀಟರ್ ಟರ್ನಿ ಅವರು ಗಣಕಯಂತ್ರಕ್ಕೆ ಕೊಟ್ಟು ನೋಡಿದರು. 2005ರಲ್ಲಿ ಅವರು ಪ್ರಕಟಿಸಿದ ವಿಧಾನವು ಶೇಕಡಾ 56 ಅಂಕ ಗಳಿಸಿತು. ಕಾಲೇಜು ಸೇರಬಯಸುವ ವಿದ್ಯಾರ್ಥಿಗಳ ಸರಾಸರಿ ಶೇಕಡಾ 57 ಆಗಿತ್ತು.

2013ರಲ್ಲಿ ಗೂಗಲ್ ಸಂಸ್ಥೆಯ ತೊಮಾಸ್ ಮಿಕೊಲೊವ್ ಮತ್ತು ಸಂಗಡಿಗರು 19,544 ಪ್ರಶ್ನೆಗಳ ದೊಡ್ಡ ಪರೀಕ್ಷೆಯನ್ನೇ ಸಿದ್ಧಪಡಿಸಿದರು. ಅವರ ಯಂತ್ರವು ಅಪಾರ ಬರಹವನ್ನು ಓದಿ, ಯಾವ ಪದದ ನೆರೆಯಲ್ಲಿ ಯಾವ ಪದಗಳು ಬರುತ್ತವೆಂಬುದನ್ನು ಗಮನಿಸಿ, ಪ್ರತಿಯೊಂದು ಪದಕ್ಕೂ ನೂರಾರು ಸಂಖ್ಯೆಗಳ ಸಾಲೊಂದನ್ನು ಕಟ್ಟಿಕೊಳ್ಳುತ್ತದೆ. ಬಳಿಕ ‘ರಾಜ’ ಎಂಬುದರಿಂದ ‘ಪುರುಷ’ನನ್ನು ಕಳೆದು ‘ಸ್ತ್ರೀ’ಯನ್ನು ಕೂಡಿಸಿದರೆ ‘ರಾಣಿ’ಯೆಂಬ ಉತ್ತರ ಬರುತ್ತದೆ. ಇದು ಲೋಕವನ್ನೇ ಬೆರಗುಗೊಳಿಸಿತು.

ಆದರೆ ಈ ಪರೀಕ್ಷೆಗೆ ಒಂದು ನಿಯಮವಿತ್ತು. ಪ್ರಶ್ನೆಯಲ್ಲಿರುವ ಮೂರು ಪದಗಳಲ್ಲಿ ಯಾವುದನ್ನೂ ಉತ್ತರವಾಗಿ ಕೊಡುವಂತಿಲ್ಲ. ನಿಯಮವನ್ನು ಸಡಿಲಿಸಿದರೆ ಯಂತ್ರವು ಎಷ್ಟೋ ಸಲ ಪ್ರಶ್ನೆಯ ಪದವನ್ನೇ ತಿರುಗಿಸಿ ಹೇಳುತ್ತದೆಂದು 2016ರಲ್ಲಿ ತಾಲ್ ಲಿನ್ಜನ್ ತೋರಿಸಿಕೊಟ್ಟರು. ಯಂತ್ರಕ್ಕೆ ದೊರೆತ ಅಂಕಗಳಲ್ಲಿ ಪರೀಕ್ಷಕರ ಕೈಯೂ ಇತ್ತೆಂಬುದು ಆಗ ತಿಳಿಯಿತು.

ಇಂಗ್ಲಿಷಿನಲ್ಲಿ ‘ಡಾಕ್ಟರ್’ ಎಂಬ ಪದ ಗಂಡಿಗೂ ಹೆಣ್ಣಿಗೂ ಒಂದೇ. ‘ಪುರುಷನಿಗೆ ಡಾಕ್ಟರ್ ಆದರೆ ಸ್ತ್ರೀಗೆ ಏನು?’ ಎಂದು ಕೇಳಿದಾಗ ಯಂತ್ರವು ‘ನರ್ಸ್’ ಎಂದಿತು. ಅದು ಓದಿದ ಬರಹಗಳಲ್ಲಿ ಹೆಣ್ಣನ್ನು ಕೀಳಾಗಿ ಕಾಣುವ ರೂಢಿಯಿದೆಯೆಂದು ಹಲವರು ನೊಂದರು. ಆ ರೂಢಿ ಇರುವುದು ಸುಳ್ಳಲ್ಲ. ಆದರೆ ಸ್ತ್ರೀಗೂ ‘ಡಾಕ್ಟರ್’ ಎಂಬ ನ್ಯಾಯವಾದ ಉತ್ತರವನ್ನು ಕೊಡಲು ಯಂತ್ರಕ್ಕೆ ಅವಕಾಶವೇ ಇರಲಿಲ್ಲ! ಆ ಪದ ಪ್ರಶ್ನೆಯಲ್ಲೇ ಇದ್ದುದರಿಂದ ನಿಯಮವು ಅದನ್ನು ತಡೆದಿತ್ತು. ತಡೆಯನ್ನು ತೆಗೆದರೆ ಯಂತ್ರವು ‘ಡಾಕ್ಟರ್’ ಎಂದೇ ಹೇಳುವುದೆಂದು 2020ರಲ್ಲಿ ಮಾಲ್ವಿನಾ ನಿಸ್ಸಿಮ್ ಮತ್ತು ಸಂಗಡಿಗರು ಪ್ರಕಟಿಸಿದರು.

ಬಂಧುಗಳೇ, ಯಂತ್ರದ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಮಗನನ್ನು ‘ಮುಂದೆ ಏನಾಗುವೆ?’ ಎಂದು ಕೇಳುವ ನಾವು, ಮಗಳನ್ನು ‘ಅಡುಗೆ ಕಲಿತೆಯಾ?’ ಎಂದು ಕೇಳುತ್ತೇವೆ. ಬಳಿಕ ಅವಳ ಆಸೆಯೇ ಅಷ್ಟು ಎಂದು ತೀರ್ಪು ಕೊಡುತ್ತೇವೆ. ಸರಿಯಾದ ಉತ್ತರಕ್ಕೆ ಎಡೆಯಿಲ್ಲದ ಪ್ರಶ್ನೆಯನ್ನು ಕೇಳಿ, ಉತ್ತರ ಕೊಟ್ಟವರನ್ನು ಅಳೆಯುವುದು ನ್ಯಾಯವಲ್ಲ. ಅಣ್ಣನಿಗೆ ಕೇಳಿದ ಪ್ರಶ್ನೆಯನ್ನೇ ತಂಗಿಗೂ ಕೇಳೋಣ. ಅವಳ ಉತ್ತರವನ್ನು ಅವಳೇ ಹೇಳಲಿ.