ಸೂಜಿಯ ಲೆಕ್ಕ ಸಾಲದು, ರಕ್ತದ ಸಾಕ್ಷಿ ಬೇಕು

ಕಾಲುಬಾಯಿ ಜ್ವರದ ಲಸಿಕೆ ಅಭಿಯಾನ ನಡೆದಾಗಲೆಲ್ಲ ಬರುವ ಸುದ್ದಿ ಒಂದೇ ಬಗೆಯದು: ಇಷ್ಟು ಲಕ್ಷ ರಾಸುಗಳಿಗೆ ಲಸಿಕೆ, ಶೇಕಡಾ ಇಷ್ಟು ಗುರಿ ಸಾಧನೆ. ಈ ಲೆಕ್ಕ ಸುಳ್ಳೆಂದಲ್ಲ. ಆದರೆ ಅದು ಚುಚ್ಚಿದ ಸೂಜಿಗಳ ಲೆಕ್ಕ. ಲಸಿಕೆಯನ್ನು ದಾರಿಯುದ್ದಕ್ಕೂ ತಂಪಾಗಿ ಇಡದಿದ್ದರೆ ಸೂಜಿ ಚುಚ್ಚಿಯೂ ಫಲವಿಲ್ಲ. ದನದ ಮೈಯಲ್ಲಿ ರೋಗ ತಡೆಯುವ ಶಕ್ತಿ ಬಂದಿದೆಯೇ ಎಂಬುದನ್ನು ರಕ್ತವೇ ಹೇಳಬೇಕು.

2019ರಲ್ಲಿ ಕೇಂದ್ರ ಸರ್ಕಾರ 13,343 ಕೋಟಿ ರೂಪಾಯಿಯ ಕಾರ್ಯಕ್ರಮ ಆರಂಭಿಸಿತು. ಕಾಲುಬಾಯಿ ಜ್ವರವನ್ನು 2030ರೊಳಗೆ ನಿರ್ಮೂಲನ ಮಾಡುವುದು ಅದರ ಗುರಿ. ಕಿವಿಯೋಲೆ, ಆರು ತಿಂಗಳಿಗೊಮ್ಮೆ ಲಸಿಕೆ, ಜೊತೆಗೆ ಹಿಂಡುಗಳ ರಕ್ತ ಸಮೀಕ್ಷೆ ಎಲ್ಲವೂ ಅದರಲ್ಲಿವೆ. ಈ ಸಮೀಕ್ಷೆಯ ಜಾಣತನ ಗಮನಿಸಬೇಕಾದದ್ದು. ವೈರಾಣು ಮೈಯೊಳಗೆ ಹೊಕ್ಕು ವೃದ್ಧಿಯಾಗುವಾಗ ಕೆಲವು ಪ್ರೋಟೀನುಗಳು ತಯಾರಾಗುತ್ತವೆ. ಶುದ್ಧೀಕರಿಸಿದ ಲಸಿಕೆಯಿಂದ ಅವುಗಳನ್ನು ತೆಗೆದಿರುತ್ತಾರೆ. ಹಾಗಾಗಿ ಅವುಗಳ ವಿರುದ್ಧದ ಪ್ರತಿಕಾಯ ರಕ್ತದಲ್ಲಿ ಸಿಕ್ಕರೆ, ಬಾಯಲ್ಲಿ ಹುಣ್ಣು ಯಾರ ಕಣ್ಣಿಗೂ ಬೀಳದಿದ್ದರೂ, ಆ ಹಿಂಡಿಗೆ ಸೋಂಕು ತಗುಲಿತ್ತೆಂದೇ ಅನುಮಾನಿಸಬೇಕು.

ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ದೇಶ ಬಿಟ್ಟದ್ದೂ ಹೀಗೆಯೇ. ಅದರ ಲಸಿಕೆಯ ಗುರುತು ಯಾವುದು, ಸೋಂಕಿನ ಗುರುತು ಯಾವುದು ಎಂದು ರಕ್ತದಲ್ಲಿ ಬೇರ್ಪಡಿಸಲು ಆಗುತ್ತಿರಲಿಲ್ಲ. ಆದ್ದರಿಂದ ಲಸಿಕೆ ಹಾಕುವುದನ್ನೇ ನಿಲ್ಲಿಸಿ, ಊರೂರು ಹುಡುಕಿ, ರಕ್ತ ಪರೀಕ್ಷಿಸಿ, ರೋಗ ಉಳಿದಿಲ್ಲವೆಂದು ಸಾಬೀತು ಮಾಡಬೇಕಾಯಿತು. ಭಾರತ ಸೋಂಕುಮುಕ್ತವೆಂದು ಮಾನ್ಯತೆ ಪಡೆದದ್ದು 2006ರಲ್ಲಿ. ಜಗತ್ತೇ ಮುಕ್ತವೆಂದು ಘೋಷಣೆಯಾದದ್ದು 2011ರಲ್ಲಿ. ಲಸಿಕೆ ರೋಗವನ್ನು ಓಡಿಸಿತು, ಅದು ಹೋಯಿತೆಂದು ತೋರಿಸಿದ್ದು ಸಮೀಕ್ಷೆ.

ಆದ್ದರಿಂದ ಸಮೀಕ್ಷೆಯ ಫಲಿತಾಂಶ ವಾರ್ಷಿಕ ವರದಿಯ ಕೋಷ್ಟಕದಲ್ಲಿ ಉಳಿದರೆ ಸಾಲದು. ರಕ್ತ ಕೊಟ್ಟ ಊರಿಗೆ, ಅಲ್ಲಿನ ಹಾಲಿನ ಡೇರಿಗೆ ಅದು ತಿಳಿಗನ್ನಡದಲ್ಲಿ ತಲುಪಬೇಕು. ಸುದ್ದಿ ಹೊರಬಿದ್ದರೆ ಜಾನುವಾರು ಸಂತೆ ಮುಚ್ಚೀತು, ರಾಸಿನ ಬೆಲೆ ಬಿದ್ದೀತು ಎಂಬ ಭಯ ನಿಜವಾದದ್ದೇ. ಹಾಗೆಂದೇ ಊರಿನ ಫಲಿತಾಂಶ ಹೇಳಬೇಕು, ಒಡೆಯನ ಹೆಸರು ಹೇಳಬಾರದು. ಸೋಂಕಿನ ಗುರುತು ಸಿಕ್ಕ ಕಡೆ ದಂಡವಲ್ಲ, ಲಸಿಕೆ ಮತ್ತು ವೈದ್ಯರು ಮೊದಲು ಹೋಗಬೇಕು.

ಗುಟ್ಟಾಗಿ ಇಟ್ಟರೆ ರೋಗ ನಿಲ್ಲುವುದಿಲ್ಲ. ಗೊತ್ತಿಲ್ಲದ ರೈತ ಅದೇ ದನವನ್ನು ಮುಂದಿನ ವಾರದ ಸಂತೆಗೆ ಹೊಡೆದುಕೊಂಡು ಹೋಗುತ್ತಾನೆ, ಅಷ್ಟೇ.