ಮುಂದಿನ ಮನೆಯ ದಾರಿ ಹೇಳದವರು

ಕಳೆದ ತಿಂಗಳು ನನ್ನ ಜಾಲತಾಣದ ಅಡಿಯಲ್ಲಿ ಮೂರು ಕೊಂಡಿಗಳನ್ನು ಹಾಕಿದೆ. ಹಿಂದಿನ ಮನೆ, ಮುಂದಿನ ಮನೆ, ಯಾವುದಾದರೊಂದು ಮನೆ. ಅಷ್ಟೇ. ಅದನ್ನು ನೋಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಳ್ಳೇಗಾಲದ ಟೀ ಅಂಗಡಿಯಲ್ಲಿ ಎದುರು ಕೂತು ಕೇಳಿದ: "ಅಲ್ಲ ಸಾ, ನಿಮ್ ತಾಣಕ್ಕೆ ಬರೋರೇ ದಿನಕ್ಕೆ ಹತ್ತು ಜನ. ಆ ಹತ್ತು ಜನಾನೂ ಯಾಕ್ ಸಾ ಇನ್ನೊಬ್ರ ಮನೆಗೆ ಕಳಿಸ್ತೀರಿ?"

ಈ ಬರಹ ಅವನಿಗೆ ಉತ್ತರ. ಅವನಿಗೆ ಮಾತ್ರವಲ್ಲ. ಕನ್ನಡದಲ್ಲಿ ಸ್ವಂತದ್ದೊಂದು ಪುಟ ಮಾಡಿಕೊಂಡು, ಅದರಲ್ಲಿ ತಮ್ಮ ಹೆಸರೊಂದನ್ನು ಬಿಟ್ಟು ಬೇರೆ ಯಾರ ಹೆಸರೂ ಕಾಣದಂತೆ ನೋಡಿಕೊಳ್ಳುವ ನಮ್ಮಂಥ ಬರಹಗಾರರೆಲ್ಲರಿಗೂ.

ನನ್ನ ತಾಣ ದೊಡ್ಡದೇನಲ್ಲ. ರೇಷ್ಮೆ ಕಸುಬಿನ ಮಾತುಗಳನ್ನು ಕೂಡಿಹಾಕುವುದು ನನ್ನ ಹವ್ಯಾಸ. ಚಾಕಿ, ಚಂದ್ರಿಕೆ, ಹುಳು ಹಣ್ಣಾಗುವುದು, ಗೂಡು ಬಿಡಿಸುವುದು, ಹೀಗೆ. ಸೊಪ್ಪು ತಿನ್ನುವುದು ಬಿಟ್ಟು ಪೊರೆ ಕಳಚಲು ಕೂತ ಹುಳುವಿಗೆ 'ಜ್ವರ' ಎನ್ನುವ ಮಾತು ಇನ್ನೆಷ್ಟು ದಿನ ಉಳಿದೀತು ಎಂಬ ಭಯದಿಂದ ಶುರುಮಾಡಿದ್ದು. ಹನೂರಿನ ಗೆಳೆಯರೊಬ್ಬರು ಮಾದೇಶ್ವರನ ಕಾವ್ಯ ಹಾಡುವವರನ್ನು ಹುಡುಕಿಕೊಂಡು ಹೋಗಿ, ಯಾವ ಊರಿನಲ್ಲಿ ಯಾವ ಸಾಲು ಹಾಡುತ್ತಾರೆ ಎಂದು ತಮ್ಮ ತಾಣದಲ್ಲಿ ಬರೆದಿಡುತ್ತಾರೆ. ಯಳಂದೂರಿನ ಗೆಳತಿಯೊಬ್ಬರು ಗೌರೇಶ್ವರ ದೇವಸ್ಥಾನದ ಕೆತ್ತನೆಗಳನ್ನೂ ಸುವರ್ಣಾವತಿ ದಡದ ಹಳೆಯ ಕಲ್ಲುಗಳನ್ನೂ ಫೋಟೊ ತೆಗೆದು, ಕೆಳಗೆ ನಾಲ್ಕು ಸಾಲು ಬರೆಯುತ್ತಾರೆ. ಮೂವರೂ ವರ್ಷಗಟ್ಟಲೆ ಬರೆದೆವು. ಒಂದೇ ಬಸ್ಸಿನ ದಾರಿಯಲ್ಲಿದ್ದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಾಚಿಕೆಯ ಮಾತು ಇದು.

ಈಗ ನಮ್ಮ ಮೂರು ತಾಣಗಳೂ ಒಂದಕ್ಕೊಂದು ಜೋಡಿಕೊಂಡಿವೆ. ಇಂಗ್ಲಿಷಿನವರು ಇದನ್ನು ವೆಬ್‌ರಿಂಗ್ ಎನ್ನುತ್ತಾರೆ. ನಾವು ಬಳೆ ಎನ್ನುತ್ತೇವೆ. ಯಳಂದೂರಿನವರಿಗೆ ಕಾರಣ ಹೇಳಬೇಕಾಗಿಲ್ಲ, ಬಳೇಮಂಟಪ ಅವರ ಊರಿನಲ್ಲೇ ಇದೆ. ನನ್ನ ಪುಟದಲ್ಲಿ 'ಮುಂದಿನ ಮನೆ' ಒತ್ತಿದರೆ ಹನೂರು, ಅಲ್ಲಿ ಒತ್ತಿದರೆ ಯಳಂದೂರು, ಅಲ್ಲಿಂದ ಮತ್ತೆ ಕೊಳ್ಳೇಗಾಲ. ನಾಳೆ ನಾಲ್ಕನೆಯವರು ಬಂದರೆ ಬಳೆ ಅಷ್ಟು ದೊಡ್ಡದಾಗುತ್ತದೆ. ಯಾರ ಪುಟವೂ ಮೊದಲಲ್ಲ, ಯಾರದೂ ಕೊನೆಯಲ್ಲ.

ಇದು ಹೊಸ ಉಪಾಯವೂ ಅಲ್ಲ. 1990ರ ದಶಕದ ನಡುವೆ ಅಮೆರಿಕದಲ್ಲಿ ಸೇಜ್ ವೈಲ್ ಎಂಬ ಹುಡುಗ, ಇನ್ನೂ ಓದುತ್ತಿದ್ದಾಗಲೇ, ವೆಬ್‌ರಿಂಗ್ ನಡೆಸುವ ವ್ಯವಸ್ಥೆ ಮಾಡಿದ. ಹುಡುಕುವ ಯಂತ್ರಗಳು ಇನ್ನೂ ಕುಂಟುತ್ತಿದ್ದ ಕಾಲ. ಒಂದೇ ಹುಚ್ಚಿನವರು ಒಬ್ಬರನ್ನೊಬ್ಬರು ಕಂಡುಕೊಂಡದ್ದು ಹೀಗೆ. ಆಮೇಲೆ ಅದು ಕಂಪನಿಯಿಂದ ಕಂಪನಿಗೆ ಮಾರಾಟವಾಗುತ್ತಾ 1999ರಲ್ಲಿ ಯಾಹೂ ಕೈ ಸೇರಿತು. ಮುಂದಿನ ವರ್ಷ ಯಾಹೂ ತನಗೆ ಬೇಕಾದಂತೆ ಅದನ್ನು ಬದಲಿಸಿತು, ಬಳೆ ಕಟ್ಟಿದವರು ಬೇಸತ್ತು ಎದ್ದುಹೋದರು. ಬಳೆಯ ಕಲ್ಪನೆಯಲ್ಲಿ ತಪ್ಪಿರಲಿಲ್ಲ. ಎಲ್ಲರ ಬಳೆಯ ಕೀಲನ್ನು ಒಬ್ಬನ ಕೈಗೆ ಕೊಟ್ಟದ್ದು ತಪ್ಪು.

ಕನ್ನಡದಲ್ಲೂ ಇಂಥದ್ದೊಂದು ನೆರೆಹೊರೆ ಇತ್ತು. 1996ರಲ್ಲಿ ಯು.ಬಿ. ಪವನಜರು ವಿಶ್ವಕನ್ನಡ ಶುರುಮಾಡಿದಾಗ ಜಾಲದಲ್ಲಿ ಕನ್ನಡ ಕಾಣುವುದೇ ಬೆರಗು. ಯೂನಿಕೋಡ್ ಬಳಕೆಗೆ ಬಂದ ಮೇಲೆ, 2005ರಲ್ಲಿ ಸಂಪದ ಬಂದು, ಅದರ ಆಸುಪಾಸಿನಲ್ಲಿ ಕನ್ನಡದ ಬ್ಲಾಗುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಆ ಬ್ಲಾಗುಗಳ ಪಕ್ಕದಲ್ಲಿ ಒಂದು ಪಟ್ಟಿ ಇರುತ್ತಿತ್ತು, ನೆನಪಿದೆಯೇ? 'ನಾನು ಓದುವ ಬ್ಲಾಗುಗಳು', 'ನೆರೆಮನೆ', 'ಗೆಳೆಯರು'. ರಾತ್ರಿ ಒಂದು ಬ್ಲಾಗಿಗೆ ಹೋದವನು ಬೆಳಗಿನ ಜಾವದ ಹೊತ್ತಿಗೆ ಹತ್ತು ಮನೆ ಸುತ್ತಿ ಬಂದಿರುತ್ತಿದ್ದೆ. ಆ ಪಟ್ಟಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಾವೇ ಮನೆ ಬಿಟ್ಟು ದೊಡ್ಡ ಜಾಲತಾಣಗಳಿಗೆ ಬಾಡಿಗೆಗೆ ಹೋದೆವು.

"ಅಲ್ಲೇ ಹಾಕಿದ್ರೆ ಸಾವ್ರ ಜನ ನೋಡ್ತಾರಲ್ಲ ಸಾ" ಎಂಬುದು ನನ್ನ ವಿದ್ಯಾರ್ಥಿಯ ಎರಡನೇ ಮಾತು. ನೋಡುತ್ತಾರೆ, ನಿಜ. ಅಂಥದ್ದೊಂದು ಕಡೆ ನಾನೂ ಮೂರು ವರ್ಷ ಬರೆದೆ. ನಮ್ಮ ಸೀಮೆಯ ಹಳೆಯ ವಿಷಯಗಳಿಗೆಂದೇ ಅಲ್ಲೊಂದು ಗುಂಪಿತ್ತು. ಒಂದು ದಿನ ಗುಂಪು ನಡೆಸುತ್ತಿದ್ದವರ ಖಾತೆ ಮುಚ್ಚಿತು, ಗುಂಪೂ ಹೋಯಿತು. ಅದರ ಜೊತೆಗೆ, ಹಾಸು ಹೊಕ್ಕು ಲಾಳಿಗಳ ನಡುವೆಯೇ ಬಾಳಿದ ಮುದುಕರೊಬ್ಬರು ಮಗ್ಗದ ಬಗ್ಗೆ ನನ್ನ ಬರಹದ ಕೆಳಗೆ ಹೇಳಿದ್ದ ನಲವತ್ತು ಮಾತುಗಳೂ ಹೋದವು. ನಾನು ಬರೆದಿಟ್ಟುಕೊಂಡಿರಲಿಲ್ಲ. ಅವರು ಈಗಿಲ್ಲ. ಸಾವಿರ ಜನ ನೋಡಿದ್ದರು, ಹೌದು. ಉಳಿಸಿದವರು ಯಾರೂ ಇಲ್ಲ.

ಯಾರು ಏನನ್ನು ಓದಬೇಕೆಂದು ಅಲ್ಲಿ ಯಂತ್ರ ತೀರ್ಮಾನಿಸುತ್ತದೆ. ಜಗಳದ ಮಾತನ್ನು ಮೇಲೆ ತರುತ್ತದೆ, ಹುಳುವಿನ ಜ್ವರವನ್ನು ಕೆಳಗೆ ತಳ್ಳುತ್ತದೆ. ಕೊಂಡಿ ಹಾಗಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಬರಹವನ್ನು ಓದಿ, ಇದು ಓದತಕ್ಕದ್ದು ಎಂದು ತನ್ನ ಹೆಸರಿನ ಮೇಲೆ ಹೇಳುವ ಮಾತು ಅದು. ವಿಮರ್ಶೆ ಎಂದು ನಾವು ಕರೆಯುವುದರ ಮೊದಲ ಮೆಟ್ಟಿಲೂ ಅದೇ. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಒಬ್ಬರನ್ನೊಬ್ಬರು ಬಾಯಿತುಂಬ ಹೊಗಳುವ ನಮ್ಮ ಸಾಹಿತಿಗಳು ತಮ್ಮ ಪುಟದಲ್ಲಿ ಇನ್ನೊಬ್ಬರ ವಿಳಾಸ ಬರೆಯಲು ಮಾತ್ರ ಕೈ ಹಿಡಿಯುತ್ತಾರೆ. ಹೊಗಳಿಕೆಗೆ ಖರ್ಚಿಲ್ಲ. ಕೊಂಡಿ ಕೊಟ್ಟರೆ ಓದುಗ ಎದ್ದುಹೋಗಬಹುದು, ಅದು ಭಯ.

ಹೋಗಲಿ ಬಿಡಿ. ಮಾದೇಶ್ವರನ ಕಾವ್ಯವನ್ನೇ ನೋಡಿ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಜುಂಜೇಗೌಡನ ಸಾಲು. ಒಂದೊಂದೂ ತಾನೇ ನಿಲ್ಲುವ ಕಥೆ. ಸಂಕಮ್ಮನ ಸಾಲು ಹಾಡಿದವನು ಕಾಳಮ್ಮನ ಸಾಲು ಕೇಳಬೇಡಿ ಎಂದಿದ್ದರೆ ಆ ಕಾವ್ಯ ಇಂದು ನಮಗೆ ಸಿಗುತ್ತಿತ್ತೇ? ಒಂದು ಸಾಲಿಗೆ ಇನ್ನೊಂದು ಸಾಲು ನೆರೆಯಾಗಿದ್ದುದರಿಂದಲೇ ಅದು ಉಳಿದು ಬಂದಿದೆ.

ಆಕ್ಷೇಪಗಳಲ್ಲಿ ಎರಡನ್ನು ಒಪ್ಪುತ್ತೇನೆ. ಒಂದು, ಕೊಂಡಿಗಳು ಸಾಯುತ್ತವೆ. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿದಾಗ ಅಲ್ಲಿದ್ದ ಮನೆಗಳ ಲೆಕ್ಕ ಇಟ್ಟವರಾರು? ಬಳೆಯಲ್ಲಿ ಒಂದು ತಾಣ ನಿಂತುಹೋದರೆ ದಾರಿ ಅಲ್ಲಿಗೇ ಕಡಿಯುತ್ತದೆ. ಅದಕ್ಕೆ ನಾವು ಸದಸ್ಯರ ಪಟ್ಟಿಯನ್ನು ಬೇರೆಯಾಗಿ ಇಟ್ಟಿದ್ದೇವೆ, ಮೂವರ ಬಳಿಯೂ ಅದರ ಪ್ರತಿ ಇದೆ. ತಿಂಗಳಿಗೊಮ್ಮೆ ಸರದಿಯ ಮೇಲೆ ಒಬ್ಬರು ಎಲ್ಲ ಮನೆಗಳಿಗೂ ಹೋಗಿ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ಹತ್ತು ನಿಮಿಷದ ಕೆಲಸ. ಎರಡು, ಇದೂ ಒಂದು ಗುಂಪುಗಾರಿಕೆಯಾಗಬಹುದು. ಆಗಬಹುದು. ಅದಕ್ಕೇ ನಮ್ಮದು ಒಂದೇ ನಿಯಮ: ಬರಹ ಸ್ವಂತದ್ದಾಗಿರಬೇಕು. ನಮ್ಮ ಅಭಿಪ್ರಾಯಕ್ಕೆ ಒಪ್ಪಬೇಕೆಂದಿಲ್ಲ. ಹನೂರಿನವರಿಗೂ ನನಗೂ ಅರ್ಧಕ್ಕರ್ಧ ವಿಷಯಗಳಲ್ಲಿ ಹೊಂದಿಕೆಯಿಲ್ಲ.

ಆದರೆ 'ಇದೆಲ್ಲ ಹಳೇ ಕಾಲದ ಹಂಬಲ' ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ. ಕಳೆದ ವಾರ ನನಗೊಂದು ಮಿಂಚಂಚೆ ಬಂತು. ಕಾಲೇಜಿನಲ್ಲಿ ಓದುವ ಹುಡುಗಿ. ಮಾದೇಶ್ವರನ ಹಾಡು ಹುಡುಕುತ್ತಾ ಹನೂರಿನ ತಾಣಕ್ಕೆ ಹೋದವಳು 'ಹಿಂದಿನ ಮನೆ' ಒತ್ತಿ ನನ್ನ ತಾಣಕ್ಕೆ ಬಂದಿದ್ದಳು. ಹೊಗಳಲು ಬರೆದಿರಲಿಲ್ಲ. "ಸರ್, ನಿಮ್ಮ ಪಟ್ಟಿಯಲ್ಲಿ ಹುಳು ಸಾಕುವವರ ಮಾತಿದೆ, ಗೂಡು ಮಾರುವವರ ಮಾತಿದೆ. ನೂಲು ಬಿಚ್ಚುವ ಹೆಂಗಸರ ಮಾತು ಒಂದೂ ಇಲ್ಲ. ನನ್ನ ಅಜ್ಜಿ ಬಿಸಿನೀರಿನಲ್ಲಿ ಕೈ ಸುಟ್ಟುಕೊಂಡು ಆ ಕೆಲಸ ಮಾಡಿದವರು. ಅವರನ್ನು ಕೇಳಿ ಬರೆಯಲೇ?" ಎಂದು ಕೇಳಿದ್ದಳು.

ನನ್ನ ತಪ್ಪು ನನಗೇ ಕಂಡಿರಲಿಲ್ಲ. ಸಾವಿರ ಜನ ಮೆಚ್ಚುಗೆಯ ಗುಂಡಿ ಒತ್ತಿದ್ದರೂ ಕಾಣುತ್ತಿರಲಿಲ್ಲ. ನೆರೆಮನೆಯ ದಾರಿಯಿಂದ ಬಂದ ಒಬ್ಬಳು ತೋರಿಸಿದಳು.

ನನ್ನ ವಿದ್ಯಾರ್ಥಿಗೆ ನನ್ನ ಉತ್ತರ ಇದು: ನನ್ನ ಹತ್ತು ಜನ ಇನ್ನೊಬ್ಬರ ಮನೆಗೆ ಹೋಗಲಿ ಎಂದೇ ಕಳಿಸುತ್ತಿದ್ದೇನಪ್ಪ. ಅವಳು ತನ್ನದೇ ಒಂದು ಪುಟ ಮಾಡಿ ಅಜ್ಜಿಯ ಮಾತುಗಳನ್ನು ಅಲ್ಲಿ ಬರೆಯುತ್ತಾಳಂತೆ. ನಾಲ್ಕನೇ ಮನೆ ಅದು. ಓದುತ್ತಿರುವ ನಿಮ್ಮದೂ ಒಂದು ಪುಟವಿದ್ದರೆ, ಇವತ್ತು ರಾತ್ರಿ ಅದನ್ನು ತೆರೆದು, ನೀವು ಓದಿ ಮೆಚ್ಚಿದ ಒಬ್ಬರ ವಿಳಾಸ ಅಲ್ಲಿ ಬರೆಯಿರಿ. ಅವರಿಗೊಂದು ಪತ್ರ ಹಾಕಿ, ನಿಮ್ಮ ವಿಳಾಸ ಬರೆಯುತ್ತಾರೋ ಕೇಳಿ. ಬರೆಯದಿದ್ದರೂ ನಿಮ್ಮ ಕೊಂಡಿಯನ್ನು ತೆಗೆಯಬೇಡಿ.